ಅನುಮಾನಕ್ಕೂ ಅಳತೆ ಬೇಕು: ಬಿಸಿಯೇರುವ ಭೂಮಿ ಮತ್ತು ಬಯಲುಸೀಮೆಯ ನಾಲ್ಕು ತಾಲ್ಲೂಕುಗಳು

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುತ್ತ ಸುಮಾರು 13,000 ಎಕರೆ ಭೂಮಿಯಲ್ಲಿ ಇಂದು ಸೌರ ಫಲಕಗಳು ಹರಡಿಕೊಂಡಿವೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾಗಿ 2019ರ ಕೊನೆಯ ವೇಳೆಗೆ ಪೂರ್ಣಗೊಂಡ ಈ ಸೌರ ಪಾರ್ಕಿನ ಸ್ಥಾಪಿತ ಸಾಮರ್ಥ್ಯ 2050 ಮೆಗಾವ್ಯಾಟ್. ಭೂಮಿಯ ತಾಪಮಾನ ಏರಿಕೆಯನ್ನು ತಡೆಯುವ ಕಾರ್ಯನೀತಿಯೊಂದು ನಮ್ಮ ರಾಜ್ಯದ ರೈತರ ಹೊಲಕ್ಕೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಬಂದಿಳಿದ ಉದಾಹರಣೆ ಬೇರೊಂದು ಸಿಗುವುದು ಕಷ್ಟ. ಹಾಗಾಗಿ ಈ ವಿಷಯದ ಚರ್ಚೆಯೂ ಇಲ್ಲಿ ಕೇವಲ ಪುಸ್ತಕದ್ದಲ್ಲ.

ಪಾವಗಡ ಹಾಗೂ ಅದರ ನೆರೆಯ ಮಧುಗಿರಿ, ಶಿರಾ, ಕೊರಟಗೆರೆ ತಾಲ್ಲೂಕುಗಳಲ್ಲಿ ಕಿವಿಗೊಟ್ಟು ಕೇಳಿದರೆ ಮೂರು ಬಗೆಯ ಮಾತುಗಳು ಕೇಳಿಬರುತ್ತವೆ. ಮೊದಲನೆಯದು, ಸೋಲಾರ್ ಬಂದ ಮೇಲೆ ಬಿಸಿಲು ಹೆಚ್ಚಾಯಿತು, ಮೋಡ ಬಂದರೂ ಮಳೆ ಬೀಳುವುದಿಲ್ಲ ಎಂಬುದು. ಎರಡನೆಯದು ಸಭೆ ಸಮಾರಂಭಗಳ ಮಾತು: ಮಳೆ ತಪ್ಪಿದ್ದಕ್ಕೆ, ಕೆರೆ ಒಣಗಿದ್ದಕ್ಕೆ, ಕೊಳವೆಬಾವಿ ಬತ್ತಿದ್ದಕ್ಕೆ ಎಲ್ಲಕ್ಕೂ ಜಾಗತಿಕ ತಾಪಮಾನ ಏರಿಕೆಯೇ ಕಾರಣ. ಮೂರನೆಯದು ಓದುಬಲ್ಲ ಸಂದೇಹವಾದಿಗಳದು: ಬರಗಾಲ ನಮಗೆ ಹೊಸದೇ? ವಾಯುಗುಣ ಎಂದೂ ಬದಲಾಗುತ್ತಲೇ ಇದೆ. ಇದೆಲ್ಲ ಶ್ರೀಮಂತ ದೇಶಗಳು ಹೂಡಿದ ಆಟ.

ಈ ಮೂರೂ ಮಾತುಗಳಲ್ಲಿ ಒಂದಿಷ್ಟು ನಿಜ ಇದೆ. ಮೂರರಲ್ಲೂ ಒಂದೇ ಬಗೆಯ ತಪ್ಪೂ ಇದೆ. ಅದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಬೆರೆತುಹೋದ ಮೂರು ಪ್ರಶ್ನೆಗಳು

ಜಾಗತಿಕ ತಾಪಮಾನದ ಚರ್ಚೆಯಲ್ಲಿ ವಾಸ್ತವವಾಗಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು, ಭೂಮಿ ಬಿಸಿಯಾಗುತ್ತಿದೆಯೆ, ಆಗುತ್ತಿದ್ದರೆ ಅದಕ್ಕೆ ಮನುಷ್ಯ ಕಾರಣನೆ? ಎರಡು, ಅದರಿಂದ ನಮ್ಮ ತಾಲ್ಲೂಕಿನ ಮಳೆ, ಬೆಳೆ, ನೀರಿಗೆ ಏನಾಗುತ್ತಿದೆ? ಮೂರು, ಅದಕ್ಕೆ ಏನು ಮಾಡಬೇಕು, ಅದರ ಭಾರವನ್ನು ಯಾರು ಹೊರಬೇಕು?

ಮೊದಲನೆಯದು ಭೌತವಿಜ್ಞಾನದ ಪ್ರಶ್ನೆ. ಅದಕ್ಕೆ ಉತ್ತರ ಗಟ್ಟಿಯಾಗಿದೆ. ಎರಡನೆಯದಕ್ಕೆ ಉತ್ತರ ಸ್ಥಳದಿಂದ ಸ್ಥಳಕ್ಕೆ ಬೇರೆಯಾಗುತ್ತದೆ, ಖಚಿತತೆಯೂ ಕಡಿಮೆ. ಮೂರನೆಯದರಲ್ಲಿ ವಿಜ್ಞಾನದ ಜೊತೆಗೆ ನ್ಯಾಯ, ಹಣ, ರಾಜಕೀಯ ಎಲ್ಲವೂ ಸೇರಿವೆ; ಅಲ್ಲಿ ಭಿನ್ನಾಭಿಪ್ರಾಯ ಸಹಜ, ಅವಶ್ಯಕ ಕೂಡ. ಸಂದೇಹವಾದಿಯು ಮೂರನೆಯ ಪ್ರಶ್ನೆಯ ಬಗೆಗಿನ ಸಿಟ್ಟನ್ನು ಮೊದಲನೆಯದರ ಮೇಲೆ ತೀರಿಸಿಕೊಳ್ಳುತ್ತಾನೆ. ಉತ್ಸಾಹಿಯು ಮೊದಲನೆಯದರ ಖಚಿತತೆಯನ್ನು ಎರಡನೆಯದಕ್ಕೂ ಮೂರನೆಯದಕ್ಕೂ ಸಾಲವಾಗಿ ಕೊಟ್ಟುಬಿಡುತ್ತಾನೆ. ನಮ್ಮಲ್ಲಿನ ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ.

ಭೂಮಿ ಬಿಸಿಯಾಗುತ್ತಿದೆಯೆ?

ಇಂಗಾಲದ ಡೈಆಕ್ಸೈಡ್ ಶಾಖವನ್ನು ಹಿಡಿದಿಡುತ್ತದೆ ಎಂಬುದು ನಿನ್ನೆ ಮೊನ್ನೆಯ ಶೋಧವಲ್ಲ. 1859ರಲ್ಲಿ ಜಾನ್ ಟಿಂಡಾಲ್ ಅದನ್ನು ಪ್ರಯೋಗಶಾಲೆಯಲ್ಲಿ ಅಳೆಯತೊಡಗಿದ. 1896ರಲ್ಲಿ ಸ್ವೀಡನ್ನಿನ ಅರೇನಿಯಸ್, ಈ ಅನಿಲ ಹೆಚ್ಚಿದರೆ ಭೂಮಿಯ ಉಷ್ಣತೆ ಎಷ್ಟು ಏರಬಹುದೆಂದು ಕೈಯಲ್ಲೇ ಲೆಕ್ಕ ಹಾಕಿದ. ಕೈಗಾರಿಕಾ ಯುಗಕ್ಕೆ ಮುನ್ನ ವಾತಾವರಣದ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇದ್ದ ಈ ಅನಿಲ ಈಗ 420 ಭಾಗವನ್ನು ದಾಟಿದೆ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರ ಜಾಗತಿಕ ಸರಾಸರಿ ಉಷ್ಣತೆ 1850–1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಸೆಲ್ಷಿಯಸ್ ಹೆಚ್ಚಾಗಿತ್ತು. ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯಂತೆ ನಮ್ಮ ದೇಶದ ಸರಾಸರಿ ಉಷ್ಣತೆ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ.

ಸೂರ್ಯನೇ ಹೆಚ್ಚು ಕಾಯುತ್ತಿರಬಹುದಲ್ಲ ಎಂಬುದು ಒಳ್ಳೆಯ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಸಿಕ್ಕಿದೆ. 1978ರಿಂದ ಉಪಗ್ರಹಗಳು ಸೂರ್ಯನಿಂದ ಬರುವ ಶಕ್ತಿಯನ್ನು ಅಳೆಯುತ್ತಿವೆ. ಸುಮಾರು 11 ವರ್ಷಗಳ ಏರಿಳಿತವನ್ನು ಬಿಟ್ಟರೆ ಅದರಲ್ಲಿ ಏರಿಕೆ ಇಲ್ಲ. ಅಲ್ಲದೆ ಸೂರ್ಯ ಕಾರಣವಾಗಿದ್ದರೆ ವಾತಾವರಣದ ಕೆಳಪದರ, ಮೇಲ್ಪದರ ಎರಡೂ ಬಿಸಿಯಾಗಬೇಕಿತ್ತು. ಆಗುತ್ತಿರುವುದು ಬೇರೆ: ಕೆಳಪದರ ಬಿಸಿಯಾಗುತ್ತಿದ್ದರೆ ಅದರ ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ. ಕಂಬಳಿ ಹೊದ್ದವನ ಮೈ ಬೆಚ್ಚಗಾಗಿ ಕಂಬಳಿಯ ಹೊರಮೈ ತಣ್ಣಗಿರುವಂತೆ. ಹೆಚ್ಚಾದ ಇಂಗಾಲ ಬಂದದ್ದು ಕಲ್ಲಿದ್ದಲು, ತೈಲಗಳಿಂದಲೇ ಎಂಬುದಕ್ಕೆ ಅದರ ಸಮಸ್ಥಾನಿಗಳ ಪ್ರಮಾಣವೇ ಸಾಕ್ಷಿ. ಸಸ್ಯಮೂಲದ ಇಂಧನದಲ್ಲಿ ಇಂಗಾಲ-13 ಕಡಿಮೆ. ಗಾಳಿಯಲ್ಲೂ ಅದರ ಪಾಲು ಇಳಿಯುತ್ತಾ ಬಂದಿದೆ.

ಬರ ನಮಗೆ ಹೊಸದಲ್ಲ ಎಂಬ ಮಾತನ್ನು ನೋಡೋಣ. ಇದು ಪೂರ್ತಿ ನಿಜ. 1876–78ರ ಧಾತು ಈಶ್ವರ ಬರದ ನೆನಪು ಈ ಭಾಗದ ಹಿರಿಯರ ಮಾತಿನಲ್ಲಿ ಉಳಿದುಬಂದಿದೆ. ಆಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಂದಿನಷ್ಟು ಇರಲಿಲ್ಲ. ಪೆಸಿಫಿಕ್ ಸಾಗರದ ಪ್ರಬಲ ಎಲ್ ನಿನೊ ಆ ಬರದ ಹಿಂದಿತ್ತು. ಆದರೆ ಇದರಿಂದ ಸಿದ್ಧವಾಗುವುದು ಏನು? ನಿಸರ್ಗ ಸಹಜವಾದ ಏರಿಳಿತಗಳು ದೊಡ್ಡವು ಎಂಬುದು ಮಾತ್ರ. ಬೀಡಿ ಸೇದದವನಿಗೂ ಕೆಮ್ಮು ಬರುತ್ತದೆ. ಅಷ್ಟಕ್ಕೇ ಬೀಡಿ ನಿರಪರಾಧಿ ಆಗದು.

ಸಂದೇಹವಾದಿಗಳು ಗೆದ್ದ ಸಂದರ್ಭವೂ ಒಂದಿದೆ. ಅದನ್ನು ಮುಚ್ಚಿಡಬಾರದು. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ 2007ರ ವರದಿಯಲ್ಲಿ ಹಿಮಾಲಯದ ಹಿಮನದಿಗಳು 2035ರ ವೇಳೆಗೆ ಮಾಯವಾಗಬಹುದು ಎಂಬ ಮಾತು ಸೇರಿಕೊಂಡಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ವಿ.ಕೆ. ರೈನಾ ಅವರು 2009ರ ನವೆಂಬರಿನಲ್ಲಿ ಪರಿಸರ ಸಚಿವಾಲಯಕ್ಕಾಗಿ ಬರೆದ ಚರ್ಚಾಪತ್ರದಲ್ಲಿ, ಹಿಮನದಿಗಳು ಹಾಗೆ ಅಸಹಜ ವೇಗದಲ್ಲಿ ಕರಗುತ್ತಿಲ್ಲ ಎಂದರು. ಸಮಿತಿಯ ಅಂದಿನ ಅಧ್ಯಕ್ಷ ಆರ್.ಕೆ. ಪಚೌರಿ ಅದನ್ನು ತಳ್ಳಿಹಾಕಿದರು. ಆದರೆ 2010ರ ಜನವರಿಯಲ್ಲಿ ಸಮಿತಿ ತನ್ನ ತಪ್ಪನ್ನು ಒಪ್ಪಿ ವಿಷಾದಿಸಬೇಕಾಯಿತು. 2035 ಎಂಬ ಅಂಕಿಗೆ ಆಧಾರವೇ ಇರಲಿಲ್ಲ. ಅನುಮಾನ ಪಟ್ಟವರೇ ಇಲ್ಲಿ ವಿಜ್ಞಾನಕ್ಕೆ ಉಪಕಾರ ಮಾಡಿದರು. ಮುಂದೆ 2019ರಲ್ಲಿ ಹಳೆಯ ಬೇಹುಗಾರಿಕಾ ಉಪಗ್ರಹಗಳ ಚಿತ್ರಗಳನ್ನು ಹೊಸ ಅಳತೆಗಳೊಂದಿಗೆ ಹೋಲಿಸಿದ ಅಧ್ಯಯನವೊಂದು, 2000ದ ನಂತರ ಹಿಮಾಲಯದ ಹಿಮನಷ್ಟ ಹಿಂದಿನ ಕಾಲು ಶತಮಾನದ ದುಪ್ಪಟ್ಟಾಗಿದೆ ಎಂದು ತೋರಿಸಿತು. ಒಂದು ಅಂಕಿ ಬಿದ್ದುಹೋಯಿತು, ಮೂಲ ನಿರ್ಣಯ ಬೀಳಲಿಲ್ಲ.

ನಮ್ಮೂರಿನ ಮಳೆಗೆ ಏನಾಗಿದೆ?

ಈ ನಾಲ್ಕು ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿವೆ. ಮುಂಗಾರಿನ ಮಾರುತಗಳು ಘಟ್ಟದ ಆಚೆಯೇ ತಮ್ಮ ನೀರನ್ನು ಸುರಿಸಿ ಬರುತ್ತವೆ. ಇಲ್ಲಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಮುಖ್ಯ ಮಳೆಗಾಲ. ಇಂಥ ಕಡೆ ವರ್ಷದ ಮೊತ್ತ ಕಡಿಮೆ ಇರುವುದಷ್ಟೇ ಅಲ್ಲ, ವರ್ಷದಿಂದ ವರ್ಷಕ್ಕೆ ಅದು ಏರಿಳಿಯುವುದೂ ಹೆಚ್ಚು. ಎರಡು ಮೂರು ದಿನದ ಒಂದು ವಾಯುಭಾರ ಕುಸಿತ ಬಂದರೆ ಇಡೀ ವರ್ಷದ ಲೆಕ್ಕ ತಲೆಕೆಳಗಾಗುತ್ತದೆ.

ಇದರ ಅರ್ಥವೇನು? ಇಲ್ಲಿನ ಒಂದು ವರ್ಷದ ಮಳೆಯನ್ನು ಸಾಕ್ಷಿಯಾಗಿ ಕರೆದರೆ ಅದು ಕರೆದವರ ಪರವಾಗಿಯೇ ಮಾತಾಡುತ್ತದೆ. 2022ರಲ್ಲಿ ಜಯಮಂಗಲಿ ಉಕ್ಕಿ ಹರಿಯಿತು, ಬಹುಕಾಲ ಖಾಲಿ ಬಿದ್ದಿದ್ದ ಕೆರೆಗಳು ತುಂಬಿದವು. ಮಾರನೆಯ ವರ್ಷ, 2023ರಲ್ಲಿ, ಎಲ್ ನಿನೊ ಬಂದು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ತಾಪಮಾನ ಏರಿಕೆ ಸುಳ್ಳೆನ್ನುವವನಿಗೆ 2022 ಸಾಕು, ಎಲ್ಲಕ್ಕೂ ಅದೇ ಕಾರಣ ಎನ್ನುವವನಿಗೆ 2023 ಸಾಕು. ವಾಯುಗುಣ ಎಂದರೆ ಕನಿಷ್ಠ 30 ವರ್ಷಗಳ ಸರಾಸರಿ ಎಂದು ಹವಾಮಾನ ಶಾಸ್ತ್ರ ಹೇಳುವುದು ಇದೇ ಕಾರಣಕ್ಕೆ.

ಮೇಲೆ ಹೇಳಿದ 2020ರ ವರದಿಯ ಪ್ರಕಾರ 1951ರಿಂದ 2015ರ ನಡುವೆ ದೇಶದ ಜೂನ್–ಸೆಪ್ಟೆಂಬರ್ ಮಳೆ ಸುಮಾರು ಶೇ. 6ರಷ್ಟು ಇಳಿದಿದೆ. ಆದರೆ ಆ ಇಳಿಕೆ ಎದ್ದು ಕಾಣುವುದು ಗಂಗಾ ಬಯಲಿನಲ್ಲಿ ಮತ್ತು ಪಶ್ಚಿಮ ಘಟ್ಟಗಳಲ್ಲಿ. ಅದನ್ನು ತಂದು ಮಧುಗಿರಿಗೋ ಶಿರಾಕ್ಕೋ ಅಂಟಿಸುವಂತಿಲ್ಲ. ಹೆಚ್ಚು ಭರವಸೆಯಿಂದ ಹೇಳಬಹುದಾದದ್ದು ಇಷ್ಟು: ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಹಾಗಾಗಿ ಸುರಿದಾಗ ಜೋರಾಗಿ ಸುರಿಯುವ, ಬಿಡುವಿನ ದಿನಗಳಲ್ಲಿ ನೆಲದ ತೇವ ಬೇಗ ಆರುವ ಸಾಧ್ಯತೆ ಹೆಚ್ಚು. ಮಳೆಯಾಶ್ರಿತ ಕಡಲೆಕಾಯಿಯನ್ನು ನಂಬಿದ ರೈತನಿಗೆ ವರ್ಷದ ಮೊತ್ತಕ್ಕಿಂತ ಈ ಬಿಡುವೇ ಮುಖ್ಯ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮೂರು ವಾರ ಮಳೆ ಕೈಕೊಟ್ಟರೆ ಆಮೇಲೆ ಬೀಳುವ ಮಳೆ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಬೆಳೆಗೆ ಸಿಗುವುದಿಲ್ಲ.

ಇನ್ನು ನೀರಿನ ಮಾತು. ಈ ನಾಲ್ಕು ತಾಲ್ಲೂಕುಗಳ ವಿಶೇಷವೆಂದರೆ ತಲಪರಿಗೆಗಳು. ಹಳ್ಳದ ದಂಡೆಯಲ್ಲೋ ಕೆರೆಯ ಹಿಂದುಮುಂದಿನ ಮರಳು ನೆಲದಲ್ಲೋ ಕೆಲವೇ ಅಡಿ ತೆಗೆದರೆ ತಾನಾಗಿ ಒಸರುವ ನೀರನ್ನು ಕಾಲುವೆಯ ಮೂಲಕ ಗದ್ದೆಗೆ ಹಾಯಿಸುವ ವ್ಯವಸ್ಥೆ ಇದು. ಊರವರೇ ಕೂಡಿ ಹೂಳು ತೆಗೆದು, ಸರದಿಯಂತೆ ನೀರು ಹಂಚಿಕೊಳ್ಳುತ್ತಿದ್ದರು. ಬರದ ಸೀಮೆಯಲ್ಲೂ ಭತ್ತ ಬೆಳೆಯುತ್ತಿದ್ದದ್ದು ಇವುಗಳ ಬಲದಿಂದ. ಇಂದು ಬಹುಪಾಲು ತಲಪರಿಗೆಗಳು ಬತ್ತಿವೆ.

ಇದಕ್ಕೆ ಜಾಗತಿಕ ತಾಪಮಾನ ಕಾರಣವೆ? ಬತ್ತಿದ ತಲಪರಿಗೆಯ ಸುತ್ತ ಒಮ್ಮೆ ನಡೆದಾಡಿದರೆ ಉತ್ತರ ಸಿಗುತ್ತದೆ. ನೀರನ್ನು ಹೀರಿ ಹಿಡಿದಿಡುತ್ತಿದ್ದ ಮರಳು ಲಾರಿಗಳಲ್ಲಿ ಊರು ಬಿಟ್ಟಿದೆ. ಪಕ್ಕದಲ್ಲಿ ನೂರಾರು ಅಡಿ ಆಳದ ಕೊಳವೆಬಾವಿಗಳಿವೆ. ನೀರು ತರುವ ಹಳ್ಳಗಳು ಒತ್ತುವರಿಯಾಗಿವೆ. ಮಳೆ ಮೊದಲಿನಷ್ಟೇ ಬಂದರೂ ಅಲ್ಲಿ ಊಟೆ ಏಳಲಾರದು. ಆಳಕ್ಕೆ ಹೋದಂತೆ ಸಿಗುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿ ಪಾವಗಡದ ಜನ ಹಲ್ಲು ಮೂಳೆಗಳ ಬೇನೆ ಅನುಭವಿಸಿದ್ದೂ ಇದೇ ಕಥೆಯ ಮುಂದುವರಿಕೆ. ಇದನ್ನೆಲ್ಲ ಆಕಾಶದ ಮೇಲೆ ಹಾಕಿಬಿಟ್ಟರೆ ಮರಳು ಸಾಗಿಸಿದವರನ್ನು, ಕಂಡೂ ಸುಮ್ಮನಿದ್ದವರನ್ನು ಯಾರೂ ಕೇಳುವುದಿಲ್ಲ. ತಾಪಮಾನ ಏರಿಕೆ ಸುಳ್ಳು ಎನ್ನುವುದು ಹೇಗೆ ಒಂದು ನುಣುಚಾಟವೋ, ಎಲ್ಲವೂ ತಾಪಮಾನ ಏರಿಕೆಯಿಂದ ಎನ್ನುವುದೂ ಹಾಗೆಯೇ ಇನ್ನೊಂದು ನುಣುಚಾಟ. ವಿಜ್ಞಾನ ಪ್ರಸಾರದಲ್ಲಿ ತೊಡಗಿದ ನಾವೂ ಈ ಎರಡನೆಯದಕ್ಕೆ ಆಗಾಗ ನೆರವಾಗಿದ್ದೇವೆ. ಮೂಲ ವರದಿಗಳು ಪ್ರತಿ ಹೇಳಿಕೆಯ ಪಕ್ಕದಲ್ಲೂ ಅದು ಎಷ್ಟು ಖಚಿತ ಎಂದು ದಾಖಲಿಸುತ್ತವೆ. ಕನ್ನಡಕ್ಕೆ ತರುವಾಗ ಮೊದಲು ಬಿಟ್ಟುಹೋಗುವುದು ಆ ಮಾತೇ.

ಫಲಕಗಳು ಮಳೆಯನ್ನು ಓಡಿಸಿದವೆ?

ಸೋಲಾರ್ ಬಂದ ಮೇಲೆ ಸೆಕೆ ಹೆಚ್ಚಿತು, ಮಳೆ ಹೋಯಿತು ಎಂಬ ಮಾತನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿ ನಕ್ಕುಬಿಡುವವರಿದ್ದಾರೆ. ಇದು ಸರಿಯಲ್ಲ. ಈ ಮಾತಿನಲ್ಲಿ ಎರಡು ಭಾಗಗಳಿವೆ. ಎರಡನ್ನೂ ಬೇರೆ ಬೇರೆ ಪರೀಕ್ಷಿಸಬೇಕು.

ಮೊದಲು ಸೆಕೆ. ಫಲಕದ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಐದನೆಯ ಒಂದು ಭಾಗ ವಿದ್ಯುತ್ತಾಗುತ್ತದೆ. ಉಳಿದುದರ ಬಹುಪಾಲು ಶಾಖವಾಗುತ್ತದೆ. ಕಪ್ಪು ಮೈಯ ಫಲಕ, ಬೋಳು ನೆಲಕ್ಕಿಂತ ಕಡಿಮೆ ಬೆಳಕನ್ನು ಹಿಂದಿರುಗಿಸುತ್ತದೆ. ಗಿಡಗಂಟಿ ತೆಗೆದದ್ದರಿಂದ ಎಲೆಗಳು ನೀರಾವಿ ಬಿಟ್ಟು ತಂಪು ಮಾಡುವ ಕೆಲಸವೂ ನಿಂತಿರುತ್ತದೆ. ಅಮೆರಿಕದ ಅರಿಜೋನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೌರ ಸ್ಥಾವರದ ಮೇಲಿನ ಗಾಳಿ ರಾತ್ರಿ ವೇಳೆ ಸುತ್ತಲಿನ ಕುರುಚಲು ಬಯಲಿಗಿಂತ 3ರಿಂದ 4 ಡಿಗ್ರಿ ಬೆಚ್ಚಗಿತ್ತು. ಆದರೆ ಸ್ಥಾವರದಿಂದ ದೂರ ಸರಿದಂತೆ ಈ ವ್ಯತ್ಯಾಸ ಬೇಗ ಕರಗುತ್ತದೆ. ಕೆಲವು ನೂರು ಮೀಟರಿನಾಚೆ ಗುರುತಿಸುವುದೇ ಕಷ್ಟ ಎಂದು ಬೇರೆ ಅಳತೆಗಳು ಹೇಳುತ್ತವೆ. ಎಂದರೆ ಬೇಲಿಯ ಪಕ್ಕದಲ್ಲೇ ಮನೆಯಿರುವವರ ದೂರಿಗೆ ಭೌತವಿಜ್ಞಾನದ ಆಧಾರ ಇದೆ. ಪಾವಗಡ ಪೇಟೆಯಲ್ಲಿ ಕುಳಿತು ಅದೇ ದೂರು ಹೇಳಿದರೆ ಆಧಾರ ಇಲ್ಲ.

ಇನ್ನು ಮಳೆ. 13,000 ಎಕರೆ ಎಂದರೆ ಸುಮಾರು 53 ಚದರ ಕಿಲೋಮೀಟರ್. ಒಂದು ಬದಿ ಏಳು ಕಿಲೋಮೀಟರಿಗಿಂತ ತುಸು ಹೆಚ್ಚಿರುವ ಚೌಕದಷ್ಟು ಜಾಗ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಲ್ಲಿಗೆ ಮಳೆ ತರುವ ವಾಯುಭಾರ ಕುಸಿತಗಳು ನೂರಾರು ಕಿಲೋಮೀಟರ್ ಅಗಲದವು. ಅವುಗಳ ನೀರು ಸಮುದ್ರಗಳಿಂದ ಬರುವುದು. ಇಂಥ ಒಂದು ವ್ಯವಸ್ಥೆಯನ್ನು ಏಳು ಕಿಲೋಮೀಟರಿನ ಬಿಸಿ ಚೌಕ ತಡೆದು ನಿಲ್ಲಿಸುತ್ತದೆ ಎನ್ನಲು ಯಾವ ಮಾರ್ಗವೂ ಕಾಣದು. ಸಹಾರಾ ಮರುಭೂಮಿಯ 90 ಲಕ್ಷ ಚದರ ಕಿಲೋಮೀಟರಿನಲ್ಲಿ ಸೌರ ಮತ್ತು ಪವನ ಸ್ಥಾವರ ಹರಡಿದರೆ ಏನಾದೀತೆಂದು ಗಣಕದಲ್ಲಿ ಲೆಕ್ಕ ಹಾಕಿದ 2018ರ ಅಧ್ಯಯನದಲ್ಲಿ ಅಲ್ಲಿನ ಮಳೆ ಹೆಚ್ಚುತ್ತದೆ ಎಂಬ ಉತ್ತರವೇ ಬಂದಿತ್ತು.

ಇಲ್ಲೊಂದು ಎಚ್ಚರಿಕೆ. ಪಾರ್ಕು ಬಂದ ಮೇಲೂ 2022ರಲ್ಲಿ ಭಾರಿ ಮಳೆ ಬಂತಲ್ಲ ಎಂದು ಊರವರ ಬಾಯಿ ಮುಚ್ಚಿಸುವುದೂ ತಪ್ಪು ವಾದವೇ. ಹಾಗಾದರೆ 2023ಕ್ಕೆ ಏನು ಉತ್ತರ? ಎರಡೂ ವರ್ಷ ಫಲಕಗಳು ಅಲ್ಲೇ ಇದ್ದವು. ಎದುರಾಳಿಯ ವಾದದಲ್ಲಿ ತಪ್ಪೆಂದ ವಿಧಾನವನ್ನು ನಮ್ಮ ವಾದಕ್ಕೆ ಬಳಸಿಕೊಳ್ಳಬಾರದು.

ಭಾರ ಹೊರುವವರು ಯಾರು?

ಪಾವಗಡದ ಪಾರ್ಕಿನಿಂದ ಜಗತ್ತಿನ ಬಿಸಿ ಎಷ್ಟು ಇಳಿಯುತ್ತದೆ? ಸ್ಥಾಪಿತ ಸಾಮರ್ಥ್ಯದ ಐದನೆಯ ಒಂದು ಭಾಗದಷ್ಟು ಸರಾಸರಿ ಉತ್ಪಾದನೆ ಹಿಡಿದರೆ ವರ್ಷಕ್ಕೆ ಸುಮಾರು 360 ಕೋಟಿ ಯೂನಿಟ್. ಕಲ್ಲಿದ್ದಲಿನಿಂದ ಅದನ್ನು ಪಡೆಯಲು ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಎಂದರೆ ಉಳಿತಾಯ ಸುಮಾರು 35 ಲಕ್ಷ ಟನ್. ಜಗತ್ತು ವರ್ಷಕ್ಕೆ ಪಳೆಯುಳಿಕೆ ಇಂಧನಗಳಿಂದ ಬಿಡುವುದು ಸುಮಾರು 3,700 ಕೋಟಿ ಟನ್. ಹತ್ತು ಸಾವಿರದಲ್ಲಿ ಒಂದು ಪಾಲು! ಇಷ್ಟಕ್ಕಾಗಿ ನಮ್ಮ ಹೊಲವೇ ಎಂದು ಸಂದೇಹವಾದಿ ಕೇಳುತ್ತಾನೆ. ಒಬ್ಬ ಭಾರತೀಯನ ಪಾಲು ವರ್ಷಕ್ಕೆ ಎರಡು ಟನ್ನಿನ ಆಸುಪಾಸು, ಅಮೆರಿಕದವನದು ಸುಮಾರು ಹದಿನಾಲ್ಕು ಎಂದೂ ಸೇರಿಸುತ್ತಾನೆ. ಅಂಕಿಗಳು ಸರಿಯಾಗಿವೆ. ಆದರೆ ಜಗತ್ತಿನ ಯಾವುದೇ ಒಂದು ಸ್ಥಾವರದ ಲೆಕ್ಕ ಹೀಗೆಯೇ ಇರುತ್ತದೆ. ಹೊಗೆ ಸೇರಿದ್ದೂ ಇಂಥ ಸಣ್ಣ ಪಾಲುಗಳಿಂದಲೇ. ಈ ವಾದ ನ್ಯಾಯದ ಪ್ರಶ್ನೆಯನ್ನು ಎತ್ತುತ್ತದೆ. ಭೂಮಿ ಬಿಸಿಯಾಗುತ್ತಿಲ್ಲ ಎಂದು ಹೇಳುವುದಿಲ್ಲ.

ನ್ಯಾಯದ ಪ್ರಶ್ನೆ ಊರೊಳಗೂ ಇದೆ. ಇಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಮಾದರಿ ಎನಿಸಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕಿ ಸೋತ ರೈತನಿಗೆ ಇದು ಖಚಿತ ಆದಾಯ. ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿರುವವನಿಗೆ. ಆ ಹೊಲದಲ್ಲಿ ಕಳೆ ತೆಗೆದು ಕೂಲಿ ಪಡೆಯುತ್ತಿದ್ದವರಿಗೆ, ಅದೇ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಇಲ್ಲ. ಅವರಿಗೆ ಬೇಲಿ ಮಾತ್ರ ಸಿಕ್ಕಿತು. ಹೀಗೆ ಕಳೆದುಕೊಂಡವರ ದನಿ ಎಲ್ಲೂ ದಾಖಲಾಗದಿದ್ದಾಗ ಅದು ಮಳೆ ಹೋಯಿತು ಎಂಬ ಮಾತಾಗಿ ಹೊರಬಂದರೆ ಆಶ್ಚರ್ಯವಿಲ್ಲ. ಮಳೆಯ ವಾದ ಬಿದ್ದುಹೋದರೂ ಅದರ ಹಿಂದಿನ ದೂರು ಹಾಗೆಯೇ ನಿಂತಿರುತ್ತದೆ.

ಕಾರ್ಯನೀತಿಯ ಮತ್ತೊಂದು ಬಗೆಯೂ ಈ ತಾಲ್ಲೂಕುಗಳಲ್ಲೇ ಇದೆ. 2011ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಆರಂಭಿಸಿದ ವಾಯುಗುಣ ತಾಳಿಕೆಯ ಕೃಷಿ ಯೋಜನೆಯಡಿ, ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯನ್ನು ಆಯ್ದುಕೊಂಡಿತು. ಕೃಷಿಹೊಂಡ, ಬದುವಿನಗುಂಟ ನೀರಿಂಗುವ ಕಾಲುವೆ, ತಡವಾದ ಬಿತ್ತನೆಗೆ ಹೊಂದುವ ರಾಗಿ ತಳಿ, ಬಾಡಿಗೆಗೆ ಸಿಗುವ ಕೃಷಿ ಯಂತ್ರಗಳು ಇವೇ ಅಲ್ಲಿನ ಕೆಲಸಗಳು. ಗಮನಿಸಬೇಕಾದ್ದೆಂದರೆ ಬರ ನಿಸರ್ಗದ್ದೇ ಆಗಲಿ ಮನುಷ್ಯನದೇ ಆಗಲಿ, ಈ ಕೆಲಸಗಳು ವ್ಯರ್ಥವಾಗುವುದಿಲ್ಲ. ತಲಪರಿಗೆಯ ಮರಳನ್ನು ಉಳಿಸುವುದೂ ಹಾಗೆಯೇ. ಮೊದಲ ಪ್ರಶ್ನೆಯಲ್ಲಿ ಜಗಳವಾಡುವವರೂ ಇಲ್ಲಿ ಒಟ್ಟಿಗೆ ಗುದ್ದಲಿ ಹಿಡಿಯಬಹುದು.

ಮುಗಿಸುವ ಮುನ್ನ

ಅನುಮಾನ ಪಡುವುದು ವಿಜ್ಞಾನದ ಮೊದಲ ಪಾಠ. ಆದರೆ ಅನುಮಾನ ಅಲ್ಲಿಗೇ ನಿಂತರೆ ಅದು ಹಟವಾಗುತ್ತದೆ. ಅದು ಅಳತೆಯ ಕಡೆಗೆ ನಡೆಯಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ. ಪಾರ್ಕಿನ ಸುತ್ತಲಿನ ಪಂಚಾಯಿತಿಗಳ ಮಳೆಯನ್ನು ದೂರದ ಪಂಚಾಯಿತಿಗಳ ಮಳೆಯೊಡನೆ ವರ್ಷಗಟ್ಟಲೆ ಹೋಲಿಸಿ, ಅದನ್ನು ಊರ ಶಾಲೆಯ ಗೋಡೆಯ ಮೇಲೆ ಬರೆಯಬಹುದು. ತಿರುಮಣಿ, ವಳ್ಳೂರಿನ ಪ್ರೌಢಶಾಲೆಗಳ ವಿಜ್ಞಾನ ಸಂಘಗಳು ಬೇಲಿಯ ಬಳಿ, ನೂರು ಮೀಟರ್, ಐನೂರು ಮೀಟರ್, ಎರಡು ಕಿಲೋಮೀಟರ್ ದೂರಗಳಲ್ಲಿ ನೆರಳಿನಲ್ಲಿಟ್ಟ ಉಷ್ಣತಾಮಾಪಕಗಳನ್ನು ದಿನವೂ ರಾತ್ರಿ ಎಂಟಕ್ಕೂ ಬೆಳಗಿನ ಜಾವಕ್ಕೂ ಓದಿ ಬರೆದಿಟ್ಟರೆ, ಒಂದೇ ಬೇಸಿಗೆಯಲ್ಲಿ ಸೆಕೆಯ ಪ್ರಶ್ನೆಗೆ ಒಂದು ಹಂತದ ಉತ್ತರ ದೊರೆತೀತು. ಖರ್ಚು ಕೆಲವು ಸಾವಿರ ರೂಪಾಯಿ.

ಇಂಥ ಪಾರ್ಕುಗಳು ರಾಜ್ಯದಲ್ಲಿ ಇನ್ನೂ ಬರಲಿವೆ. ಮುಂದಿನ ಊರಿನವರು ತಮ್ಮ ಭೂಮಿಯನ್ನು ಬರೆದುಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿಗೆ ಪಾವಗಡದಿಂದ ಅಂಕಿಗಳು ಹೋಗಬೇಕು. ಈಗ ಹೋಗುತ್ತಿರುವುದು ಬರಿಯ ಸುದ್ದಿ.